ಬೀಗ ಹಾಕಿದ ಮನೆಯ ಕರೆಂಟು

ನ್ಯಾಮತಿಯಲ್ಲಿ ಹೊಲಿಗೆ ಟೀಚರಮ್ಮ ಒಬ್ಬರಿದ್ದರು. ಸರ್ಕಾರಿ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸಿ ನಿವೃತ್ತಿಯಾದವರು. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ನಾನು ತಿಂಗಳಿಗೊಮ್ಮೆ ಅವರ ಮನೆಯ ಮೀಟರ್ ನೋಡಲು ಹೋಗುತ್ತಿದ್ದೆ. ನನ್ನದು ಗುತ್ತಿಗೆ ಮೇಲಿನ ಮೀಟರ್ ರೀಡರ್ ಕೆಲಸ. ಕೊರಳಿಗೆ ಬಿಲ್ಲಿನ ಮಷಿನ್ ನೇತುಹಾಕಿಕೊಂಡು, ಒಂದೊಂದು ಮನೆಯ ಗೋಡೆಗೂ ಕತ್ತೆತ್ತಿ ನೋಡಿ, ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋಗುವುದು. ಒಂದು ಮನೆಗೆ ಎರಡು ನಿಮಿಷ. ಅಷ್ಟರಲ್ಲಿ ಯಾರೂ ಮಾತಿಗೆ ನಿಲ್ಲುವುದಿಲ್ಲ. ಈಗಂತೂ ಎಷ್ಟೋ ಮನೆಗಳಿಗೆ ಬಿಲ್ ಸೊನ್ನೆ ಬರುವುದರಿಂದ ಚೀಟಿಯನ್ನೂ ಯಾರೂ ತಿರುಗಿಸಿ ನೋಡುವುದಿಲ್ಲ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದುಬಿಡುತ್ತೇನೆ.

ಟೀಚರಮ್ಮ ಮಾತ್ರ ನೋಡುತ್ತಿದ್ದರು. ಒಂದು ಸಲ ನಾನು ಹೋದಾಗ ಬಾಗಿಲಲ್ಲೇ ಕಾದು ನಿಂತಿದ್ದರು.

"ಅಲ್ಲಪ್ಪಾ, ಹದಿನೈದು ದಿನ ಬೀಗ ಹಾಕ್ಕೊಂಡು ಸಾಸ್ವೆಹಳ್ಳಿಗೆ ನಮ್ಮ ತಂಗಿ ಮನೆಗೆ ಹೋಗಿದ್ದೆ. ಹೋಗಾಗ ಇಲ್ಲಿ ಬರೆದಿಟ್ಟಿದ್ದೆ ನೋಡು."

ಮೀಟರಿನ ಹಲಗೆಯ ಕೆಳಗೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಅಂಕಿ ಬರೆದಿತ್ತು. ಈಗ ಮೀಟರಿನಲ್ಲಿದ್ದ ಅಂಕಿ ಅದಕ್ಕಿಂತ ಏಳು ಹೆಚ್ಚಿತ್ತು.

"ಬಿಲ್ ಸೊನ್ನೆ ಬರ್ತದೆ ಬಿಡು, ದುಡ್ಡಿನ ಮಾತಲ್ಲ ಇದು. ಮನೆಯಾಗೆ ಯಾರೂ ಇಲ್ದಾಗ ಏಳು ಯೂನಿಟ್ ಉರಿಸಿದೋರು ಯಾರು ಅಂತ."

ಹದಿನೆಂಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಬೀಗ ಹಾಕಿದ ಮನೆಗಳ ಮೀಟರ್ ತಿರುಗುವುದನ್ನು ನಾನು ದಿನವೂ ನೋಡುವವನು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಟಿವಿ ರಿಮೋಟಿನಿಂದ ಆರಿಸಿದ್ದರೂ ಮೂಲೆಯಲ್ಲಿ ಕೆಂಪು ಚುಕ್ಕಿ ಉರಿಯುತ್ತಿತ್ತು. ಅದರ ಪಕ್ಕದ ಸೆಟ್ ಟಾಪ್ ಬಾಕ್ಸಿನ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು. ಕೆಳಗೆ ಹಳೆಯ ಸ್ಟೆಬಿಲೈಜರ್ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಗೋಡೆಯ ಪ್ಲಗ್ಗಿನಲ್ಲಿ ಸೊಳ್ಳೆ ಮಷಿನ್, ಎಣ್ಣೆ ಪೂರ್ತಿ ಒಣಗಿದ್ದರೂ ಬಿಸಿಯಾಗಿಯೇ ಇತ್ತು.

ಅವರನ್ನು ಹೊರಗೆ ಮೀಟರಿನ ಮುಂದೆ ನಿಲ್ಲಿಸಿದೆ. "ಆ ಸಣ್ಣ ದೀಪ ಮಿಣುಕ್ತೈತಲ್ಲ, ಒಂದು ಮಿಣುಕಿಂದ ಇನ್ನೊಂದು ಮಿಣುಕಿಗೆ ಎಷ್ಟಾಗ್ತದೆ ಎಣಿಸ್ರಿ" ಅಂದೆ. ಅವರು ಐವತ್ತೆಂಟು ಎಣಿಸಿದರು. ಒಳಗೆ ಸೆಟ್ ಟಾಪ್ ಬಾಕ್ಸಿನ ಪ್ಲಗ್ ಕಿತ್ತೆ. ತೊಂಬತ್ತು ದಾಟಿತು. ಒಂದೊಂದಾಗಿ ಎಲ್ಲವನ್ನೂ ಕಿತ್ತ ಮೇಲೆ ಅವರ ಎಣಿಕೆ ನೂರಾಯಿತು, ಇನ್ನೂರಾಯಿತು, ಮುನ್ನೂರಾಯಿತು.

"ನಿಂತೇ ಹೋತು ಕಣಪ್ಪಾ!" ಎಂದು ಹೊರಗಿನಿಂದ ಕೂಗಿದರು. ಕ್ಲಾಸಿನಲ್ಲಿ ಮಕ್ಕಳು ಲೆಕ್ಕ ಬಿಡಿಸಿದಾಗ ಕೂಗುತ್ತಾರಲ್ಲ, ಹಾಗೆ. ನನಗೆ ಚಹಾ ಮಾಡಿ ಕೊಟ್ಟರು. ರೀಡಿಂಗಿಗೆ ಹೋದ ಮನೆಯಲ್ಲಿ ಕೂತು ಚಹಾ ಕುಡಿದು ನನಗೆ ಎಷ್ಟು ಕಾಲವಾಗಿತ್ತೋ.

"ಮನೆಯಾಗೆ ಯಾರ್ಯಾರು ಅದಾರೆ?" ಎಂದು ಕೇಳಿದರು.

"ನಮ್ಮ ಮನೇರು ಜಗಳೂರಿನಾಗೆ ನರ್ಸು. ನಾನು ಹೊನ್ನಾಳಿಯಾಗೆ ಇರ್ತೀನಿ."

"ಮತ್ತೆ ಮಕ್ಕಳು?"

"ಆಗಿಲ್ರಿ."

ಅವರು ನನ್ನ ಲೋಟ ಇಸಿದುಕೊಂಡು ಒಳಗೆ ಹೋದರು.

ನಾವು ಮೊದಲು ಚನ್ನಗಿರಿಯಲ್ಲಿ ಒಟ್ಟಿಗೇ ಇದ್ದವರು. ಮದುವೆಯಾದ ಹೊಸತರಲ್ಲಿ ಅಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಕೆಲಸ, ಅದೇ ಊರಿನ ವಾರ್ಡುಗಳಲ್ಲಿ ನನಗೆ ರೀಡಿಂಗ್. ರಜೆ ಇದ್ದ ದಿನ ಬೈಕಿನಲ್ಲಿ ಸೂಳೆಕೆರೆಗೆ ಹೋಗಿ, ಏರಿಯ ಮೇಲೆ ಹುರಿದ ಮೀನು ತಿನ್ನುವವರನ್ನು ನೋಡುತ್ತ ನಾವು ಮಂಡಕ್ಕಿ ತಿಂದು ಬರುತ್ತಿದ್ದೆವು. ಐದು ವರ್ಷ ಹಾಗಿದ್ದೆವು. ಆಮೇಲೆ ಅವಳಿಗೆ ಸರ್ಕಾರಿ ಕೆಲಸ ಸಿಕ್ಕಿತು, ಜಗಳೂರಿಗೆ ಹಾಕಿದರು. ಅದೇ ವರ್ಷ ನನ್ನ ಗುತ್ತಿಗೆದಾರ ಬದಲಾಗಿ, ನನ್ನನ್ನು ಹೊನ್ನಾಳಿ ಕಡೆಗೆ ತಳ್ಳಿದರು. ಒಂದೆರಡು ವರ್ಷ, ಆಮೇಲೆ ವರ್ಗ ಮಾಡಿಸಿಕೊಂಡರಾಯಿತು ಅಂದುಕೊಂಡೆವು. ಹನ್ನೊಂದು ವರ್ಷವಾಯಿತು.

ಎರಡು ಊರಿನಲ್ಲಿ ಎರಡು ಮನೆ. ಎರಡು ಟಿವಿ, ಎರಡು ಗ್ಯಾಸ್ ಒಲೆ, ಎರಡು ಮಿಕ್ಸಿ. ಮೊದಲು ಪ್ರತಿ ಶನಿವಾರ ಸಂಜೆ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ ಹಿಡಿಯುತ್ತಿದ್ದೆ. ಆದರೆ ತಿಂಗಳ ಮೊದಲ ಹದಿನೈದು ದಿನ ರೀಡಿಂಗಿನ ಒತ್ತಡದಲ್ಲಿ ನನಗೆ ಭಾನುವಾರವೂ ಇರುವುದಿಲ್ಲ. ಉಳಿದ ಭಾನುವಾರಗಳಲ್ಲಿ ಅವಳಿಗೆ ಡ್ಯೂಟಿ. ಹೀಗಾಗಿ ವಾರಕ್ಕೊಮ್ಮೆ ಹೋಗುವುದು ತಿಂಗಳಿಗೊಮ್ಮೆ ಆಯಿತು. ಫೋನಿನಲ್ಲಿ "ಊಟ ಆಯ್ತಾ", "ಆಯ್ತು, ನಿಂದು?" ಅನ್ನುವಷ್ಟಕ್ಕೆ ಮಾತು ಬಂದು ನಿಂತಿತು. ಜಗಳವಾಗಿ ದೂರವಾದವರಲ್ಲ ನಾವು. ಜಗಳವಾಡಲು ಕೂಡ ಸ್ವಲ್ಪ ಹೊತ್ತು ಒಟ್ಟಿಗೆ ಇರಬೇಕಾಗುತ್ತದೆ.

ಟೀಚರಮ್ಮನ ಮನೆಯ ಮೀಟರ್ ನಿಲ್ಲಿಸಿದ ದಿನ ಸಂಜೆ ಹೊನ್ನಾಳಿಗೆ ಬಂದವನು ನನ್ನ ಮನೆಯಲ್ಲೂ ಅದನ್ನೇ ಮಾಡಿದೆ. ಟಿವಿ, ಸೆಟ್ ಟಾಪ್ ಬಾಕ್ಸ್, ಫ್ರಿಜ್ಜಿನ ಸ್ಟೆಬಿಲೈಜರ್ ಎಲ್ಲವನ್ನೂ ಕಿತ್ತೆ. ಫ್ರಿಜ್ಜಿನಲ್ಲಿ ಇದ್ದದ್ದೇ ಅರ್ಧ ಲೀಟರ್ ಹಾಲು, ಒಂದು ಉಪ್ಪಿನಕಾಯಿ ಬಾಟಲಿ. ಹಾಲನ್ನು ಕಾಯಿಸಿಟ್ಟೆ, ಬಾಟಲಿಯನ್ನು ಕಿಟಕಿಯ ಮೇಲಿಟ್ಟೆ, ಫ್ರಿಜ್ಜಿನ ಬಾಗಿಲಿಗೆ ವಾಸನೆ ಹಿಡಿಯದಂತೆ ಒಂದು ಮಡಿಸಿದ ಪೇಪರ್ ಸಿಕ್ಕಿಸಿ ಅರೆ ತೆರೆದಿಟ್ಟೆ. ಮನೆ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಅಷ್ಟು ದಿನ ಅದರಲ್ಲಿ ಸದ್ದಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆದರೂ ಏನೋ ಒಂದು ಸರಿಯಾದ ಕೆಲಸ ಮಾಡಿದೆ ಅನ್ನಿಸಿತು.

ಆ ತಿಂಗಳ ಕೊನೆಯ ಭಾನುವಾರ ಅದೇ ಉಮೇದಿನಲ್ಲಿ ಜಗಳೂರಿಗೆ ಹೋದೆ. ಬೆಳಗಿನ ಬಸ್ಸಿಗೆ ಹೋದೆನಾದ್ದರಿಂದ ಹನ್ನೊಂದರ ಹೊತ್ತಿಗೆ ಅವಳ ಮನೆ ಮುಂದಿದ್ದೆ. ಅವಳಿಗೆ ಮಧ್ಯಾಹ್ನ ಎರಡರವರೆಗೆ ಡ್ಯೂಟಿ. ಪಕ್ಕದ ಮನೆಯವರಿಂದ ಬೀಗದ ಕೈ ಇಸಿದುಕೊಂಡು ಬಾಗಿಲು ತೆಗೆದರೆ ಒಳಗೆ ಟಿವಿ ಓಡುತ್ತಿತ್ತು. ಯಾವುದೋ ಅಡುಗೆ ಕಾರ್ಯಕ್ರಮ. ಒಬ್ಬಾಕೆ ನಗುನಗುತ್ತ ಒಗ್ಗರಣೆ ಹಾಕುತ್ತಿದ್ದಳು. ಕೋಣೆಯಲ್ಲಿ ಫ್ಯಾನ್ ಇಲ್ಲ, ದೀಪ ಇಲ್ಲ, ಟಿವಿ ಮಾತ್ರ. ಮರೆತು ಹೋಗಿದ್ದಾಳೆ ಅಂದುಕೊಂಡು ಆರಿಸಿದೆ. ಪ್ಲಗ್ಗನ್ನೂ ಕಿತ್ತೆ. ಅಡುಗೆಮನೆಯಲ್ಲಿ ಕರೆಂಟಿನ ಕೆಟಲ್, ಮುಂದಿನ ಕೋಣೆಯಲ್ಲಿ ಸುಮ್ಮನೆ ನೇತಾಡುತ್ತಿದ್ದ ಎರಡು ಚಾರ್ಜರ್, ಎಲ್ಲವನ್ನೂ ಕಿತ್ತು ಒಂದು ಕಡೆ ಸುತ್ತಿಟ್ಟೆ. ಅವಳು ಬಂದ ಮೇಲೆ ಮೀಟರಿನ ಮುಂದೆ ನಿಲ್ಲಿಸಿ, ಎಣಿಸು ಅನ್ನಬೇಕು ಅಂದುಕೊಂಡು ಅನ್ನಕ್ಕಿಟ್ಟೆ.

ಎರಡೂವರೆಗೆ ಬಂದಳು. ಹೊಸ್ತಿಲಲ್ಲೇ ನಿಂತಳು.

"ಟಿವಿ ಯಾಕೆ ಆರಿಸಿದ್ರಿ?"

"ಯಾರೂ ಇಲ್ದೆ ಓಡ್ತಿತ್ತು. ಮರೆತು ಹೋಗಿದ್ದೆ ನೀನು."

"ಮರೆತಿಲ್ಲ. ಯಾರೂ ಇಲ್ಲ ಅಂತಾನೇ ಓಡಾಕೆ ಬಿಟ್ಟು ಹೋಗ್ತೀನಿ. ಬೀಗ ತೆಗಿಯೋ ಹೊತ್ತಿಗೆ ಒಳಗೆ ಯಾರೋ ಮಾತಾಡ್ತಿರ್ತಾರೆ."

ನಾನು ಆಗಲಾದರೂ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಟಿವಿ ಎಷ್ಟು ಎಳೆಯುತ್ತದೆ, ಆರಿಸಿದ ಮೇಲೂ ಬಾಕ್ಸ್ ಎಷ್ಟು ಎಳೆಯುತ್ತದೆ, ಊರೆಲ್ಲ ಹೀಗೆ ಬಿಟ್ಟರೆ ಎಷ್ಟಾಗುತ್ತದೆ ಅಂತ ಪಾಠ ಶುರುಮಾಡಿದೆ. ಅವಳು ಕೈಕಾಲು ತೊಳೆದು ಬಂದು ತಟ್ಟೆ ಹಾಕಿದಳು. ಬಡಿಸಿದಳು. ಆಮೇಲೆ ತುಂಬ ಮೆತ್ತಗೆ ಅಂದಳು:

"ರೀಡಿಂಗ್ ತಗೊಳ್ಳಾಕೆ ಬರ್ತೀರಲ್ಲ ಜನರ ಮನೆಗೆ, ಹಂಗೇ ಬರ್ತೀರಿ ನೀವು ಇಲ್ಲಿಗೆ. ತಿಂಗಳಿಗೊಂದು ಸಲ. ಸರಿ ಐತೋ ಇಲ್ಲೋ ನೋಡ್ತೀರಿ. ಹೋಗ್ತೀರಿ."

ಊಟ ಮುಗಿಸಿ ಟಿವಿಯ ಪ್ಲಗ್ ಹಾಕಿದೆ. ಆ ಬಾಕ್ಸ್ ತಕ್ಷಣ ಶುರುವಾಗಲಿಲ್ಲ, ಪರದೆಯ ಮೇಲೆ ಏನೋ ಸುತ್ತುತ್ತಲೇ ಇತ್ತು. ಅವಳು ಅದನ್ನು ನೋಡುತ್ತ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದಳು. ಐದರ ಬಸ್ಸಿಗೆ ನಾನು ಹೊರಟೆ. ಎಬ್ಬಿಸಲಿಲ್ಲ. ಎಬ್ಬಿಸಬೇಕಿತ್ತು.

ಆಮೇಲೆ ಎರಡು ತಿಂಗಳು ನಾನು ಹೋಗಲಿಲ್ಲ. ಅವಳೂ ಬಾ ಅನ್ನಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾನಿರುವ ಬೀದಿಗೆ ಬರುವ ರೀಡರ್ ನನ್ನ ಮನೆಯ ಬಾಗಿಲು ತಟ್ಟಿದ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಒಳ್ಳೆಯವನು. ಮಷಿನ್ ಹಿಡಿದುಕೊಂಡು, "ಅಣ್ಣಾ, ಮನೆ ಖಾಲಿ ಮಾಡೀರಾ?" ಅಂದ.

"ಇಲ್ಲೇ ಇದೀನಲ್ಲೋ ಕಣ್ಣ ಮುಂದೆ."

"ಹನ್ನೊಂದು ಯೂನಿಟ್ ತೋರಿಸ್ತೈತೆ. ಇದೇ ಲೈನಿನಾಗೆ ಆರು ತಿಂಗಳಿಂದ ಬೀಗ ಹಾಕಿರೋ ಮನೆಗೆ ಇದಕ್ಕಿಂತ ಜಾಸ್ತಿ ಬಂದೈತೆ. ಮೀಟರ್ ಕೆಟ್ಟಿರಬೇಕು ಅಂತ ಬರೀಲಾ?"

"ಬರೀಬೇಡ. ಮೀಟರ್ ಸರಿ ಐತೆ" ಅಂದೆ. ಅವನು ನಗುತ್ತ ಹೋದ. ನಾನು ಒಳಗೆ ಬಂದು ಕುರ್ಚಿಯ ಮೇಲೆ ಕೂತೆ. ಒಂದು ದೀಪ, ಒಂದು ಫ್ಯಾನ್, ಫೋನಿನ ಚಾರ್ಜರ್. ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಬರುವುದು, ಉಂಡು ಮಲಗುವುದು. ಆವತ್ತು ಕೆಲಸಕ್ಕೆ ಒಂದು ಗಂಟೆ ತಡವಾಗಿ ಹೋದೆ.

ಮಾರನೆಯ ವಾರ ನ್ಯಾಮತಿಯಲ್ಲಿ ಟೀಚರಮ್ಮನ ಬಾಗಿಲು ಬಡಿದರೆ ತೆಗೆಯಲು ಬಹಳ ಹೊತ್ತಾಯಿತು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಹಳೆಯ ದುಪ್ಪಟದಲ್ಲಿ ಕೊರಳಿಗೆ ಕಟ್ಟಿತ್ತು. ಕೂದಲು ಬಿಚ್ಚಿಕೊಂಡೇ ಇತ್ತು, ಒಂದೇ ಕೈಯಲ್ಲಿ ಕಟ್ಟಲಾಗಿರಲಿಲ್ಲ.

"ಏನಾತ್ರಿ ಟೀಚರಮ್ಮ?"

"ಬಿದ್ದೆ ಕಣಪ್ಪಾ. ನಾಲ್ಕು ದಿನಾತು. ಬೆಳಗಿನ ಜಾವ ಬಚ್ಚಲಿಗೆ ಹೋಗಾಕೆ ಎದ್ದೆ. ದಿಕ್ಕು ತಪ್ತು."

ಅವರು ಅರೆಮನಸ್ಸಿನಿಂದಲೇ ಹೇಳಿದರು. ಹನ್ನೆರಡು ವರ್ಷದಿಂದ ಅವರು ಎದ್ದ ಕೂಡಲೇ ಟಿವಿಯ ಕೆಂಪು ಚುಕ್ಕಿ ಎಲ್ಲಿದೆ ಅಂತ ನೋಡಿ, ಅದರ ಬಲಕ್ಕೆ ಬಾಗಿಲು ಅಂತ ನಡೆಯುತ್ತಿದ್ದರಂತೆ. ಸ್ವಿಚ್ ಇರುವುದು ಆ ಬಾಗಿಲ ಪಕ್ಕ. ನಾನು ಹೇಳಿಕೊಟ್ಟ ಮೇಲೆ ದಿನಾ ಮಲಗುವ ಮುಂಚೆ ಎಲ್ಲ ಪ್ಲಗ್ಗುಗಳನ್ನೂ ಕೀಳುತ್ತಿದ್ದರು. ಎರಡು ತಿಂಗಳು ಏನೂ ಆಗಿರಲಿಲ್ಲ. ಆವತ್ತು ಕತ್ತಲಲ್ಲಿ ತಿರುಗಿ ನಡೆದು ಹೊಲಿಗೆ ಮಷಿನ್ನಿನ ಪೆಡಲ್ಲಿಗೆ ಕಾಲು ಸಿಕ್ಕಿ ಬಿದ್ದಿದ್ದರು. ತಂಗಿಯ ಮನೆಯವರು ಸಾಸ್ವೆಹಳ್ಳಿಯಿಂದ ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದರು.

"ನನ್ನಿಂದ ಆತಲ್ರಿ ಇದು" ಅಂದೆ.

"ನೀನು ಕರೆಂಟಿನ ಲೆಕ್ಕ ಹೇಳಿದೆ. ಅದರಾಗೆ ಏನು ತಪ್ಪೈತೆ? ನಾನು ಕೆಂಪು ದೀಪ ನೋಡ್ಕೊಂಡು ನಡಿತೀನಿ ಅಂತ ನಿನಗೆ ಹೆಂಗೆ ಗೊತ್ತಾಗ್ಬೇಕು? ನನಗೇ ಗೊತ್ತಿರ್ಲಿಲ್ಲ." ಆಮೇಲೆ ಕೈ ಮುಂದೆ ಚಾಚಿದರು. "ನಿಮ್ಮನೇರು ನರ್ಸು ಅಂದಿದ್ದೆ ಅಲ್ವಾ. ಬೆರಳು ಹಿಂಗೆ ಊದ್ಯಾವೆ. ರಾತ್ರಿಯಿಂದ ಜುಮು ಜುಮು ಅಂತಾವೆ. ಹಿಂಗಾಗ್ತದಾ ಅಂತ ಒಂದು ಮಾತು ಕೇಳಿ ಹೇಳ್ತೀಯಾ?"

ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳು ಊದಿ, ಉಗುರಿನ ಬುಡ ನೀಲಿಗಟ್ಟಿತ್ತು.

ಜಗಲಿಯ ಮೇಲೆ ನಿಂತು ಅವಳಿಗೆ ಫೋನ್ ಮಾಡಿದೆ. ಎತ್ತುತ್ತಾಳೋ ಇಲ್ಲವೋ ಎಂಬ ಅಳುಕಿತ್ತು. ಎತ್ತಿದಳು. ಗಾಬರಿಯಲ್ಲಿ, "ಏನಾಯ್ತು?" ಅಂದಳು. ಆ ಹೊತ್ತಿನಲ್ಲಿ ನಾನು ಯಾವತ್ತೂ ಫೋನ್ ಮಾಡಿದವನಲ್ಲ. ಹೇಳಿದೆ. ಫೋಟೋ ಕಳಿಸು ಅಂದಳು, ಕಳಿಸಿದೆ. ಎರಡೇ ನಿಮಿಷದಲ್ಲಿ ಅವಳೇ ಮಾಡಿದಳು.

"ಬೆರಳು ಆಡಿಸಾಕೆ ಆಗ್ತದಾ ಕೇಳ್ರಿ. ಮುಟ್ಟಿದ್ರೆ ಗೊತ್ತಾಗ್ತದಾ?"

ಕೇಳಿದೆ. ಕಿರುಬೆರಳು ಮುಟ್ಟಿದ್ದು ತಿಳಿಯುವುದಿಲ್ಲ ಅಂದರು.

"ಈಗಲೇ ಕರ್ಕೊಂಡು ಹೋಗ್ರಿ. ನಾಳೆ ಅನ್ಬೇಡಿ. ಒಳಗೆ ಬಾವು ಏರಿದ್ರೆ ಪ್ಲಾಸ್ಟರ್ ಬಿಗಿ ಆಗ್ತದೆ, ಯಾರ ತಪ್ಪೂ ಅಲ್ಲ. ಬಿಚ್ಚಿ ಸಡಿಲ ಮಾಡ್ಬೇಕು. ದಾರಿಯಾಗೆ ಕೈ ಮೇಲೆತ್ತಿ ಹಿಡ್ಕೊಂಡಿರಾಕೆ ಹೇಳ್ರಿ. ನೀವು ಜೊತೆಗೆ ಇರ್ರಿ."

ಬಸ್ಸಿಗೆ ಕಾಯದೆ ಒಂದು ಕಾರು ಮಾತಾಡಿ ಶಿವಮೊಗ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಟೀಚರಮ್ಮನ ಕೈಯನ್ನು ನಾನು ಎತ್ತಿ ಹಿಡಿದಿದ್ದೆ. ನೋವಿಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ಜಗಳೂರಿನಿಂದ ಮೂರು ಸಲ ಫೋನ್ ಬಂತು. ಎಲ್ಲಿದ್ದೀರಿ, ಬೆರಳಿನ ಬಣ್ಣ ಹೇಗಿದೆ, ಡಾಕ್ಟರ್ ಸಿಕ್ಕರಾ. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಫೋನಿನಲ್ಲಿ ಒಂದೇ ದಿನ ಅಷ್ಟು ಸಲ ಮಾತಾಡಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕತ್ತರಿಸಿ ಬಿಚ್ಚಿದಾಗ ಟೀಚರಮ್ಮ ಜೋರಾಗಿ ಉಸಿರು ಬಿಟ್ಟರು. ಇನ್ನೂ ತಡವಾಗಿದ್ದರೆ ಕೈಗೆ ಕಷ್ಟವಿತ್ತು ಅಂದರು ಡಾಕ್ಟರ್. ಸಂಜೆ ಅವರನ್ನು ಮನೆಗೆ ಬಿಟ್ಟು, ಅಂಗಡಿಗೆ ಹೋಗಿ ಒಂದು ಜೀರೋ ಬಲ್ಬು ತಂದು ಮಂಚದ ಎದುರಿಗಿನ ಪ್ಲಗ್ಗಿಗೆ ಹಾಕಿದೆ. "ಇದನ್ನ ಯಾವತ್ತೂ ಆರಿಸಬೇಡ್ರಿ" ಅಂದೆ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಅವಳೇ ಹೊನ್ನಾಳಿಗೆ ಬಂದು, ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ಹೇಳದೆ ಬಂದಿದ್ದಳು. ಟೀಚರಮ್ಮನನ್ನು ನೋಡಬೇಕು ಅಂದಳು. ಇಬ್ಬರೂ ಬೈಕಿನಲ್ಲಿ ನ್ಯಾಮತಿಗೆ ಹೋದೆವು. ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು, ತಲೆಗೆ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕಿದಳು. ಅವಳು ಇನ್ನೊಬ್ಬರ ಜಡೆ ಹಾಕುವುದನ್ನು ನಾನು ಬಾಗಿಲಲ್ಲಿ ಕೂತು ನೋಡಿದೆ. ಎಷ್ಟು ಚುರುಕು ಕೈ ಅವಳದು ಎನ್ನುವುದು ನನಗೆ ಮರೆತೇ ಹೋಗಿತ್ತು.

ಹೊನ್ನಾಳಿಗೆ ಹಿಂದಿರುಗಿ ನನ್ನ ಮನೆಯ ಒಳಗೆ ಬಂದಳು. ಎರಡು ವರ್ಷದಿಂದ ಆ ಮನೆಗೆ ಅವಳು ಬಂದಿರಲಿಲ್ಲ. ಅರೆ ತೆರೆದ ಫ್ರಿಜ್ಜಿನ ಬಾಗಿಲು ನೋಡಿದಳು. ಟಿವಿಯ ಮೇಲಿನ ಧೂಳನ್ನು ಬೆರಳಿನಿಂದ ಸವರಿದಳು. ಸುತ್ತಿ ರಬ್ಬರ್ ಹಾಕಿಟ್ಟಿದ್ದ ವೈರುಗಳನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟಳು.

"ಹಿಂಗೆ ಇರ್ತೀರಾ?" ಅಂದಳು.

"ನನಗೇನು ಬೇಕಾಗೈತೆ ಹೇಳು?"

"ನಾನು ಅಲ್ಲಿ ಎಲ್ಲ ಹಾಕ್ಕೊಂಡು ಕೂರ್ತೀನಿ. ನೀವು ಇಲ್ಲಿ ಎಲ್ಲ ಕಿತ್ತು ಕೂತೀರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆವತ್ತು ಜಗಳೂರಿನಲ್ಲಿ ಹೇಳಲಾಗದ ಮಾತನ್ನು ಆಗ ಹೇಳಿದೆ. "ಆ ದಿನ ಟಿವಿ ಆರಿಸಬಾರದಿತ್ತು."

"ಟಿವಿ ಅಲ್ಲ ಬಿಡ್ರಿ" ಅಂದಳು. "ಹೋಗೋವಾಗ ಎಬ್ಬಿಸಲಿಲ್ಲ ನೀವು. ಎದ್ದು ನೋಡಿದ್ರೆ ಇರ್ಲಿಲ್ಲ."

ಅವಳು ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು.

ಆಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಗುತ್ತಿಗೆದಾರನ ಹತ್ತಿರ ಹೋಗಿ ಜಗಳೂರಿಗೆ ಹಾಕಿ ಅಂತ ಕೇಳಿದೆ. ಅಲ್ಲಿ ಜಾಗವಿಲ್ಲ, ಇದ್ದಾಗ ಹೇಳುತ್ತೇನೆ ಅಂದ. ಇನ್ನೂ ಹೇಳಿಲ್ಲ. ಅವಳು ವರ್ಗಕ್ಕೆ ಅರ್ಜಿ ಹಾಕಿದಳು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಟೀಚರಮ್ಮನ ಕೈ ಕೂಡಿಕೊಂಡಿತು, ಆದರೆ ಕತ್ತರಿ ಹಿಡಿದರೆ ನಡುಗುತ್ತದೆ ಅನ್ನುತ್ತಿದ್ದರು. ಬೇಸಿಗೆಗೆ ಮುಂಚೆ ಹೊಲಿಗೆ ಮಷಿನ್ ಸಮೇತ ತಂಗಿಯ ಊರಿಗೆ ಹೋಗಿಬಿಟ್ಟರು. ಆ ಮನೆಗೆ ಈಗ ಅವಳಿ ಮಕ್ಕಳಿರುವ ಸಂಸಾರ ಬಂದಿದೆ. ಒಂದು ಕ್ಷಣವೂ ನಿಲ್ಲದೆ ಆ ಮೀಟರ್ ಮಿಣುಕುತ್ತಿರುತ್ತದೆ. ನೀಲಿ ಅಂಕಿ ಬರೆದಿದ್ದ ಆ ಗೋಡೆಗೆ ಸುಣ್ಣ ಬಳಿಸಿದ್ದಾರೆ. ಚೀಟಿಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬರುತ್ತೇನೆ.

ಬದಲಾದದ್ದು ಒಂದೇ. ಭಾನುವಾರಕ್ಕೆ ಕಾಯುವುದನ್ನು ಬಿಟ್ಟಿದ್ದೇನೆ. ರೀಡಿಂಗ್ ಮುಗಿದ ಮೇಲಿನ ದಿನಗಳಲ್ಲಿ, ವಾರದ ಯಾವ ದಿನವಾದರೂ ಸರಿ, ಜಗಳೂರಿಗೆ ಹೋಗುತ್ತೇನೆ. ಕಳೆದ ಬುಧವಾರ ಹೋಗಿದ್ದೆ. ಆಸ್ಪತ್ರೆಯ ಮುಂದಿನ ಬೇವಿನ ಮರದ ಕೆಳಗೆ ಕಾದೆ. ಎರಡು ಗಂಟೆಗೆ ಹೊರಗೆ ಬಂದಳು. ಗಾಡಿಯಲ್ಲಿ ಚಹಾ ಕುಡಿದೆವು. ಬೆಳಿಗ್ಗೆ ಒಂದು ಹೆರಿಗೆ ತುಂಬ ಕಷ್ಟವಾಗಿ, ಕೊನೆಗೆ ಮಗು ಅತ್ತಾಗ ವಾರ್ಡಿನ ಆಯಾ ಕೂಡ ಅತ್ತಳಂತೆ. ಅದನ್ನು ಹೇಳುವಾಗ ಅವಳ ಮುಖ ಚನ್ನಗಿರಿಯ ದಿನಗಳಲ್ಲಿ ಇದ್ದ ಹಾಗಿತ್ತು. ಮಾರನೆಯ ದಿನ ನನಗೆ ಕೆಲಸವಿತ್ತು. ಉಳಿಯಲಾಗುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹೊರಟು ದಾವಣಗೆರೆ ರಸ್ತೆಗೆ ತಿರುಗುವಾಗ ಕಿಟಕಿಯಿಂದ ನೋಡಿದೆ. ಅವಳು ಆಗಲೇ ರಸ್ತೆ ದಾಟಿ ತರಕಾರಿ ಗಾಡಿಯ ಮುಂದೆ ನಿಂತಿದ್ದಳು. ಒಬ್ಬಳ ಅಡುಗೆಗೆ ಎರಡೇ ಎರಡು ಬದನೆಕಾಯಿ ಆರಿಸಿ ತಕ್ಕಡಿಗೆ ಹಾಕಿದಳು.